ಮೇಲಿನ ಎರಡು ಬೋಲ್ಟು

ನಾಲ್ಕನೇ ನಂಬರ್ ಬಸ್ಸಿನ ಹೊಗೆ ಪೈಪು ಬಿಚ್ಚಿದಾಗ ಬೆಳಿಗ್ಗೆ ಹತ್ತೂ ಮುಕ್ಕಾಲು. ಪೈಪಿನ ಬಾಯಿಂದ ಮಸಿ ಉದುರಬೇಕಿತ್ತು. ಹಸಿರು ನೀರು ಸುರಿಯಿತು.

ಹೆಚ್ಚೇನಲ್ಲ, ಒಂದು ಲೋಟದಷ್ಟು. ಮೊಣಕೈವರೆಗೆ ಹರಿದು ನನ್ನ ಅಂಗಿಯ ತೋಳನ್ನು ನೆನೆಸಿತು. ಬೆರಳಿಗೆ ತಾಗಿಸಿಕೊಂಡು ಮೂಸಿ ನೋಡಿದೆ. ಸಿಹಿ ವಾಸನೆ. ರೇಡಿಯೇಟರಿಗೆ ಹಾಕುವ ಕೂಲೆಂಟ್ ನೀರು. ಅದು ಇರಬೇಕಾದ ಜಾಗ ಬೇರೆ, ಬಂದ ಜಾಗ ಬೇರೆ.

"ಏನಮ್ಮ, ಬಸ್ಸಿಗೂ ಸಕ್ಕರೆ ಕಾಯಿಲೆ ಬಂತಾ?" ಎಂದರು ವೆಲ್ಡರ್ ಮಾವ. ಪೈಪಿನ ಮುರಿದ ಕೊಕ್ಕೆಯನ್ನು ಬೆಸೆಯಲು ಬಂದವರು ಮುಖವಾಡವನ್ನು ಹಣೆಯ ಮೇಲೆ ಎತ್ತಿಕೊಂಡು ಕೂತಿದ್ದರು. ಅವರು ನನಗೆ ನಂಟರಲ್ಲ. ಡಿಪೋದಲ್ಲಿ ಎಲ್ಲರಿಗೂ ಮಾವ.

ನಾನು ನಗಲಿಲ್ಲ. ಪೈಪಿನೊಳಗೆ ಟಾರ್ಚ್ ಬಿಟ್ಟು ಮೇಲಕ್ಕೆ ನೋಡಿದೆ. ನೀರು ಇಳಿಯುತ್ತಿದ್ದದ್ದು ಇಜಿಆರ್ ಕೂಲರಿನಿಂದ. ಎರಡು ವರ್ಷದ ಹಿಂದೆ ನಾನೇ ಮುಚ್ಚಿದ್ದ ಕೂಲರ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಡೀಸೆಲ್ ಇಂಜಿನ್ನುಗಳಲ್ಲಿ, ಹೊರಗೆ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಇಂಜಿನ್ನಿನ ಮೂಗಿಗೇ ತಿರುಗಿಸುವ ಏರ್ಪಾಡು ಇರುತ್ತದೆ, ಅದಕ್ಕೇ ಇಜಿಆರ್ ಎನ್ನುವುದು. ಹೊಗೆ ಬೆರೆತ ಗಾಳಿಯಲ್ಲಿ ಬೆಂಕಿ ಅಷ್ಟು ಜೋರಾಗಿ ಉರಿಯುವುದಿಲ್ಲ, ಹಾಗಾಗಿ ಊರಿನ ಗಾಳಿಗೆ ಸೇರುವ ವಿಷ ಕಡಿಮೆ. ಆ ಹೊಗೆ ಮೊದಲು ಕೂಲರ್ ಎನ್ನುವ ಪೆಟ್ಟಿಗೆಯಲ್ಲಿ ನೀರಿನ ನಡುವೆ ಹಾದು ತಣ್ಣಗಾಗುತ್ತದೆ, ಆಮೇಲೆ ಒಂದು ವಾಲ್ವ್ ದಾಟಿ ಒಳಗೆ ಹೋಗುತ್ತದೆ. ಊರಿಗೆ ಒಳ್ಳೆಯದು, ಇಂಜಿನ್ನಿಗಲ್ಲ ಎಂಬುದು ನಮ್ಮ ಕಸುಬಿನವರ ಮಾತು. ಹೊಗೆಯ ಜೊತೆ ಮಸಿಯೂ ಹೋಗುತ್ತದೆ. ಗಾಳಿಯ ದಾರಿಯಲ್ಲಿ ಟಾರಿನ ಹಾಗೆ ಮೆತ್ತಿಕೊಳ್ಳುತ್ತದೆ, ಆಯಿಲ್ ಬೇಗ ಕಪ್ಪಾಗುತ್ತದೆ, ಪಿಸ್ಟನ್ನಿನ ರಿಂಗ್ ಸವೆಯುತ್ತದೆ, ಹತ್ತು ವರ್ಷ ಓಡಬೇಕಾದದ್ದು ಆರಕ್ಕೇ ಏದುಸಿರು ಬಿಡುತ್ತದೆ. ಮಸಿ ಕೆರೆದು ತೊಳೆಯಲು ಒಂದು ಬಸ್ಸಿಗೆ ಒಂದು ಇಡೀ ದಿನ ಬೇಕು. ನಮ್ಮಲ್ಲಿ ಹನ್ನೊಂದು ಬಸ್ಸು. ಮೆಕ್ಯಾನಿಕ್ ಎಂದರೆ ನಾನೊಬ್ಬಳು.

ಅದಕ್ಕೆ ಬೇರೆಯವರು ಮಾಡುವುದನ್ನೇ ನಾನೂ ಮಾಡಿದ್ದೆ. ಹೊಗೆಯ ದಾರಿಗೆ ಅಡ್ಡಲಾಗಿ ಒಂದು ಉಕ್ಕಿನ ತಗಡು. ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತದ ಹಾಗೆ ಒಂದು ಸಣ್ಣ ಕಣ್ಕಟ್ಟು. ಆರು ಬಸ್ಸಿಗೆ ಹಾಕಿದ್ದೆ. ಕಾನೂನಿಗೆ ಒಪ್ಪದ ಕೆಲಸ. ಮ್ಯಾನೇಜರ್ ಬಾಯಲ್ಲಿ "ಮುಗಿಸಿಬಿಡಿ" ಎಂದಿದ್ದರು. ತಪಾಸಣೆಯ ಕಾಗದದಲ್ಲಿ "ವಾಲ್ವ್ ಶುಚಿ ಮಾಡಿದೆ, ಸರಿಯಿದೆ" ಎಂದು ಸಹಿ ಹಾಕಿದವಳು ನಾನು.

ತಗಡು ಹಾಕಲು ಎರಡು ಜಾಗ ಇದೆ. ಕೂಲರಿನ ಕೆಳಗೆ, ಬಿಸಿ ಹೊಗೆ ಒಳಗೆ ಬರುವ ಬಾಯಿ. ಅಲ್ಲಿ ನಾಲ್ಕು ಬೋಲ್ಟು, ತುಕ್ಕು ಹಿಡಿದಿರುತ್ತವೆ, ಹೊಗೆಯಿಂದ ತಿರುಗುವ ಟರ್ಬೊದ ಪೈಪು ಇಳಿಸದೆ ಕೈ ಹೋಗುವುದಿಲ್ಲ, ಅರ್ಧ ದಿನದ ಕೆಲಸ. ಇನ್ನೊಂದು ಮೇಲುಗಡೆ, ಹೊಗೆ ಹೊರಡುವ ಬಾಯಿ. ಅಲ್ಲಿ ಎರಡೇ ಬೋಲ್ಟು, ನಿಂತಲ್ಲೇ ಇಪ್ಪತ್ತು ನಿಮಿಷ. ಆ ವರ್ಷ ನನ್ನ ಚಿಕ್ಕವನಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ನಾಲ್ಕು ಗಂಟೆಗೆ ಶಾಲೆಯ ಗೇಟಿನಲ್ಲಿ ಇರಬೇಕಿತ್ತು. ನಾನು ಮೇಲಿನ ಎರಡು ಬೋಲ್ಟು ಬಿಚ್ಚಿದೆ. ಹೊಗೆ ಒಳಗೆ ಹೋಗದಿದ್ದರೆ ಆಯಿತಲ್ಲ, ಎಲ್ಲಿ ತಡೆದರೇನು ಎಂದುಕೊಂಡೆ.

ಮುಚ್ಚಿದ ಮೇಲೆ ಅದು ಇಲ್ಲವೆಂದೇ ಲೆಕ್ಕ. ಅಲ್ಲಿಂದಾಚೆಗೆ ಆ ಕೂಲರುಗಳ ಕಡೆ ನಾನು ತಿರುಗಿ ನೋಡಿರಲಿಲ್ಲ. ಆದರೆ ಕೆಳಗಿನ ಬಾಯಿ ತೆರೆದೇ ಇತ್ತು. ಬಿಸಿ ಹೊಗೆ ಒಳಗೆ ನುಗ್ಗಿ, ಮುಂದೆ ದಾರಿ ಕಾಣದೆ ಅಲ್ಲೇ ಕೂತು, ಎರಡು ವರ್ಷ ಆ ಪೆಟ್ಟಿಗೆಯ ತೆಳು ಕೊಳವೆಗಳನ್ನು ತಿಂದುಹಾಕಿತ್ತು. ಈಗ ಅದರ ನೀರು ಸೋರಿ ಇಂಜಿನ್ನಿನ ಕಡೆಗೇ ಇಳಿಯುತ್ತಿತ್ತು.

"ನೀರು ಕಮ್ಮಿ ಆಗ್ತಿದೆ ಅಂತ ಇನ್ಯಾವ ಬಸ್ಸಿನವರಾದ್ರೂ ಹೇಳಿದ್ರಾ?" ಮಾವ ಕೇಳಿದರು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

ಹೇಳಿದ್ದರು. ಏಳನೇ ನಂಬರಿನ ಡ್ರೈವರ್ ಹದಿನೈದು ದಿನದಿಂದ ಹೇಳುತ್ತಿದ್ದಳು. ಏಳನೇ ನಂಬರಿನ ಡ್ರೈವರ್ ನನ್ನ ಮಗಳು.

ದೊಡ್ಡ ಗಾಡಿಯ ಲೈಸೆನ್ಸ್ ಸಿಕ್ಕಿ ಅವಳಿಗೆ ಒಂದು ವರ್ಷ ಆಗಿಲ್ಲ. ಗುಡ್ಡದ ರೂಟು ಕೊಟ್ಟು ಎರಡು ತಿಂಗಳು. "ಅಮ್ಮ, ದಿನಾ ಒಂದು ಬಾಟ್ಲಿ ನೀರು ಕುಡೀತಿದೆ ಕಣೇ ಅದು" ಎಂದು ಅವಳು ಮೊದಲ ಸಲ ಹೇಳಿದಾಗ ನಾನು ಚಿಕ್ಕವನ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದೆ. "ಮುಚ್ಚಳ ಸರಿಯಾಗಿ ತಿರುಗಿಸು" ಎಂದೆ. ನಾಲ್ಕು ದಿನ ಬಿಟ್ಟು ಮತ್ತೆ ಹೇಳಿದಳು. "ಸ್ಟೇರಿಂಗ್ ಹಿಡಿದು ಎರಡು ತಿಂಗಳಾಯ್ತು, ಆಗಲೇ ಇಂಜಿನ್ ಡಾಕ್ಟರಾ?" ಎಂದೆ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮರುದಿನ ಒಂದು ಹೋಸ್ ಪೈಪಿನ ಕ್ಲಿಪ್ ಬಿಗಿ ಮಾಡಿ ಕೈ ತೊಳೆದುಕೊಂಡೆ.

ಮಾವ ಕೇಳಿದ ಹೊತ್ತಿಗೆ ಗಂಟೆ ಹತ್ತೂ ಐವತ್ತು. ಏಳನೇ ನಂಬರು ಗುಡ್ಡದ ತುದಿ ತಲುಪುವ ಸಮಯ. ಅಲ್ಲಿ ಟೀಗೆ ಅಂತ ಅರ್ಧ ಗಂಟೆ ಇಂಜಿನ್ ಆರಿಸಿ ನಿಲ್ಲುತ್ತದೆ. ಹನ್ನೊಂದೂ ಇಪ್ಪತ್ತಕ್ಕೆ ಹೊರಟು ಆಚೆ ಕಡೆ ಇಳಿಯುತ್ತದೆ. ಹತ್ತೊಂಬತ್ತು ತಿರುವು.

ನಿಂತ ಇಂಜಿನ್ನಿನಲ್ಲಿ ಸೋರಿದ ನೀರು, ಹೊಗೆ ಹೊರಬಿಡುವ ವಾಲ್ವ್ ಒಂದು ತೆರೆದಿದ್ದರೆ ಅದರಿಂದ ಸಿಲಿಂಡರಿಗೆ ಇಳಿಯುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಬಲವಂತ ಮಾಡಿದರೆ ಪಿಸ್ಟನ್ನಿನ ರಾಡ್ ಬಾಗುತ್ತದೆ. ಬಾಗಿದ ರಾಡ್ ಆಗಿಂದಾಗಲೇ ಏನನ್ನೂ ಹೇಳಬೇಕೆಂದಿಲ್ಲ. ಐದಾರು ಕಿಲೋಮೀಟರ್ ಓಡಿ, ಯಾವುದೋ ತಿರುವಿನಲ್ಲಿ ಮುರಿದು, ಇಂಜಿನ್ನಿನ ಪಕ್ಕೆ ಒಡೆದುಕೊಂಡು ಹೊರಗೆ ಬರಬಹುದು. ಆಗ ಸ್ಟೇರಿಂಗ್ ಕಲ್ಲಾಗುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಂತಿರುತ್ತದೆ. ಚೆಲ್ಲಿದ ಆಯಿಲ್ ತನ್ನದೇ ಚಕ್ರದ ಕೆಳಗೆ.

ಇಷ್ಟು ದಿನ ಯಾಕೆ ಆಗಲಿಲ್ಲ ಎಂದರೆ, ಗುಡ್ಡದ ಮೇಲೆ ಬಸ್ಸು ನಿಲ್ಲುವ ಜಾಗ ಮಟ್ಟಸವಾಗಿದೆ. ಸೋರಿದ್ದು ಟರ್ಬೊ ಕಡೆ ಹರಿದು ಹೊಗೆ ಪೈಪಿನಲ್ಲಿ ಹೋಗಿಬಿಡುತ್ತದೆ. ಮೂತಿ ಕೆಳಗಾಗಿ ನಿಂತರೆ ಮಾತ್ರ ನೀರು ಮುಂದಿನ ಸಿಲಿಂಡರಿನ ಕಡೆ ತಿರುಗುತ್ತದೆ. ಹಾಗೆ ಅವರು ನಿಲ್ಲಿಸುವುದಿಲ್ಲ, ನಿಲ್ಲಿಸುವುದಿಲ್ಲ ಎಂದುಕೊಳ್ಳುತ್ತ ಫೋನ್ ತೆಗೆದೆ.

ಮಗಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಡ್ಯೂಟಿಯಲ್ಲಿರುವಾಗ ಫೋನು ಚೀಲದಲ್ಲಿ, ಚೀಲ ಸೀಟಿನ ಹಿಂದೆ. ಅದು ನಾನೇ ಕಲಿಸಿದ ಪಾಠ. ಕಂಡಕ್ಟರಿಗೆ ಮಾಡಿದೆ. ನಮ್ಮ ಕಂಡಕ್ಟರನ್ನು ಎಲ್ಲರೂ ಗಡಿಯಾರ ಅನ್ನುತ್ತಾರೆ. ಎರಡು ನಿಮಿಷ ತಡವಾದರೆ ಅವನಿಗೆ ಊಟ ಸೇರುವುದಿಲ್ಲ. ಅವನ ಫೋನು ಸಿಗಲೇ ಇಲ್ಲ. ಗುಡ್ಡದ ಮೇಲೆ ಸಿಗ್ನಲ್ ಬರುವುದು ಹೋಗುವುದು ಗಾಳಿ ಬೀಸಿದ ಹಾಗೆ.

ಹತ್ತು ಸಲ ಮಾಡಿದೆ. ಮಾವ ತಮ್ಮ ಫೋನಿನಿಂದ ಮಾಡಿದರು. ಟೀ ಅಂಗಡಿಯವನ ನಂಬರು ಯಾರ ಹತ್ತಿರವೂ ಇರಲಿಲ್ಲ. ಹನ್ನೊಂದೂ ಐದು. ಹನ್ನೊಂದೂ ಹನ್ನೆರಡು. ಮ್ಯಾನೇಜರ್ ಆಫೀಸಿನಿಂದ ಇಳಿದು ಬಂದು, ನೆಲದ ಮೇಲಿನ ಹಸಿರು ನೀರನ್ನು ದಾಟಿ ನಿಂತು, "ನಾಲ್ಕನೇದು ಇವತ್ತು ಆಚೆ ಬರುತ್ತಾ?" ಎಂದರು. ನಾನು ಅವರಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ, ಮಾಲೀಕರಿಗೂ ನಮಗೂ ನಡುವೆ ಕೂತು ಎರಡೂ ಕಡೆ ಬೈಸಿಕೊಳ್ಳುವ ಮನುಷ್ಯ. ಕೇಳಿ ಮುಖ ಸಣ್ಣದು ಮಾಡಿಕೊಂಡರು.

ಹನ್ನೊಂದೂ ಇಪ್ಪತ್ತಮೂರಕ್ಕೆ ಗಡಿಯಾರನೇ ಫೋನ್ ಮಾಡಿದ. ನನ್ನ ಕೈತುಂಬ ಗ್ರೀಸು. ಮಾವ ಸ್ಪೀಕರ್ ಒತ್ತಿ ಫೋನನ್ನು ಆಯಿಲ್ ಡ್ರಮ್ಮಿನ ಮೇಲೆ ಇಟ್ಟರು.

"ಅಕ್ಕ, ಮೂರು ನಿಮಿಷ ಲೇಟು. ಬಸ್ಸು ಸ್ಟಾರ್ಟ್ ಆಗ್ತಿಲ್ಲ. ಟೀ ಅಂಗಡಿ ಹಿಂದುಗಡೆ ಗೋಡೆಗೆ ಒರಗಿ ನಿಂತಿದೀನಿ, ಒಂದು ಹೆಜ್ಜೆ ಆಚೆ ಇಟ್ರೆ ಸಿಗ್ನಲ್ ಇಲ್ಲ."

"ಸೆಲ್ಫ್ ಹೊಡೆದಳಾ?"

"ಒಂದ್ಸಲ. ಟಕ್ ಅಂತು, ಅಷ್ಟೇ. ಯಾರೋ ಕತ್ತು ಹಿಡ್ಕೊಂಡ ಹಾಗೆ."

"ಬಸ್ಸು ಎಲ್ಲಿ ನಿಲ್ಸಿದೀರಿ?"

"ನಮ್ಮ ಜಾಗದಲ್ಲಿ ಜಲ್ಲಿ ರಾಶಿ ಹಾಕ್ಬಿಟ್ಟಿದಾರೆ ಅಕ್ಕ. ಮುಂದುಗಡೆ, ಇಳಿಜಾರು ಶುರುವಾಗೋ ಕಡೆ ನಿಲ್ಸಿದೀವಿ."

"ಮೂತಿ ಕೆಳಗಾ?"

"ಬಸ್ಸಿಂದಾ, ನಂದಾ?"

"ಲೋ."

"ಕೆಳಗೆ ಅಕ್ಕ. ಬಸ್ಸಿಂದು ಕೆಳಗೆ, ನಂದೂ ಕೆಳಗೇ. ಮೂವತ್ತೆಂಟು ಜನ ಹತ್ತಿ ಕೂತು ನನ್ನ ಮುಖ ನೋಡ್ತಿದಾರೆ."

ಮ್ಯಾನೇಜರ್ ಡ್ರಮ್ಮಿನ ಕಡೆ ಬಾಗಿದರು. "ಬ್ಯಾಟರಿ ಇಳಿದಿರತ್ತೆ ಕಣಯ್ಯ. ಇಳಿಜಾರಲ್ಲೇ ಇದೀರಲ್ಲ. ಬ್ರೇಕ್ ಬಿಟ್ಟು ಉರುಳಿಸಿ ಎರಡನೇ ಗೇರಿಗೆ ಹಾಕಿದ್ರೆ ತಾನೇ ಸ್ಟಾರ್ಟ್ ಆಗತ್ತೆ."

"ಅದನ್ನೇ ಸಾರ್ ಇಲ್ಲೊಬ್ರು ಹೇಳ್ತಿರೋದು. ಪ್ಯಾಸೆಂಜರು, ಲಾರಿ ಡ್ರೈವರಂತೆ. ಇಪ್ಪತ್ತು ವರ್ಷ ಸರ್ವೀಸಂತೆ. ಸೀಟಿಂದ ಏಳು ತಂಗಿ, ನಾನು ಮಾಡಿಕೊಡ್ತೀನಿ ಅಂತ ನಿಂತಿದಾರೆ."

"ಬೇಡ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಯಾವ ಕಾರಣಕ್ಕೂ ಬೇಡ. ನನ್ನ ಮಗಳನ್ನ ಕರಿ. ಫೋನ್ ಕೆಳಗಿಡು, ಕಟ್ ಮಾಡ್ಬೇಡ, ಓಡು."

ಫೋನು ಯಾವುದೋ ಗಟ್ಟಿ ಜಾಗದ ಮೇಲೆ ಕೂತ ಸದ್ದು. ಚಪ್ಪಲಿಯ ಪಟಪಟ ದೂರವಾಯಿತು. ಆಮೇಲೆ ಬರೀ ಗಾಳಿ, ಲೋಟ ತೊಳೆಯುವ ಸದ್ದು.

ಸೆಲ್ಫ್ ಮೋಟರಿಗೆ ಅಷ್ಟು ಬಲವಿಲ್ಲ. ಅದು ಟಕ್ ಎಂದು ಸೋತು ನಿಂತದ್ದು ನಮ್ಮ ಪುಣ್ಯ. ಆದರೆ ಹನ್ನೆರಡು ಟನ್ನಿನ ಬಸ್ಸು ಇಳಿಜಾರಿನಲ್ಲಿ ಉರುಳುತ್ತ ಗೇರಿಗೆ ಬಿದ್ದರೆ ಸೋಲುವುದಿಲ್ಲ. ಚಕ್ರ ಇಂಜಿನ್ನನ್ನು ತಿರುಗಿಸಿಯೇ ತೀರುತ್ತದೆ. ಒಳಗಿನ ನೀರು ಬಿಟ್ಟುಕೊಡುವುದಿಲ್ಲ. ನಡುವೆ ಇರುವುದು ರಾಡ್ ಒಂದೇ.

ಮ್ಯಾನೇಜರ್ ಫೋನಿನ ಮೇಲೆ ಅಂಗೈ ಮುಚ್ಚಿದರು. "ನೋಡಿ, ಬೇಡ ಅನ್ನೋದಾದ್ರೆ ಬೇಡ ಅನ್ನಿ. ಬೇರೆ ಬಸ್ಸು ಕಳಿಸ್ತೀನಿ. ಆದ್ರೆ ತಗಡಿನ ವಿಷಯ ಮಾತ್ರ ಫೋನಲ್ಲಿ ಬೇಡ. ಅಲ್ಲಿ ಮೂವತ್ತೆಂಟು ಜನರ ಎಪ್ಪತ್ತಾರು ಕಿವಿ ಇದೆ. ಬ್ಯಾಟರಿ ಅನ್ನಿ, ವೈರಿಂಗ್ ಅನ್ನಿ. ಸಹಿ ಯಾರದು ಅಂತ ನಿಮಗೇ ಗೊತ್ತು."

"ಗೊತ್ತು ಸಾರ್."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅದೂ ಸುಳ್ಳಲ್ಲ. ಮನೆಯಲ್ಲಿ ಸಂಪಾದಿಸುವವರು ನಾವಿಬ್ಬರೇ, ನಾನು ಮತ್ತು ಅವಳು.

ಹೆಜ್ಜೆಯ ಸದ್ದು ಹತ್ತಿರ ಬಂತು. "ಅಮ್ಮ, ಹೇಳು." ಏದುಸಿರು.

"ಪುಟ್ಟೀ, ಗಾಡಿ ಮುಟ್ಬೇಡ. ಸೆಲ್ಫ್ ಹೊಡೀಬೇಡ, ಉರುಳಿಸ್ಬೇಡ. ಎಲ್ಲರನ್ನೂ ಕೆಳಗೆ ಇಳಿಸು."

"ಯಾಕೆ?"

"ನಾನು ಹೇಳ್ತಿದೀನಲ್ಲ."

"ಹೇಳ್ತಿದೀನಲ್ಲ ಅಂದ್ರೆ ಸಾಕಾಗಲ್ಲಮ್ಮ ಇಲ್ಲಿ. ಅರ್ಧ ಜನಕ್ಕೆ ಕೆಳಗೆ ರೈಲು ಹಿಡೀಬೇಕು. ಹೆಂಗಸಿನ ಕೈಗೆ ಬಸ್ಸು ಕೊಟ್ರೆ ಹಿಂಗೇ ಅಂತ ಒಬ್ಬ ಆಗಲೇ ಶುರು ಮಾಡಿದಾನೆ. ಲಾರಿ ಅಣ್ಣ ಬ್ಯಾಟರಿ ಅಂತಾನೆ. ಬ್ಯಾಟರಿನಾ?"

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಮಾವ ನೆಲ ನೋಡುತ್ತಿದ್ದರು.

"ವೈರಿಂಗು," ಎಂದೆ.

"ಹಾರ್ನ್ ಹೊಡೀತಿದೆ, ಲೈಟ್ ಉರೀತಿದೆ. ಯಾವ ವೈರಿಂಗಮ್ಮ? ವೈರಿಂಗಾದ್ರೆ ಉರುಳಿಸಿದ್ರೆ ಸ್ಟಾರ್ಟ್ ಆಗತ್ತಲ್ಲ. ನೀನೇ ಹೇಳ್ಕೊಟ್ಟಿದ್ದು."

ನಾನೇ ಹೇಳಿಕೊಟ್ಟಿದ್ದು. ಎಲ್ಲವನ್ನೂ ನಾನೇ ಹೇಳಿಕೊಟ್ಟಿದ್ದು.

"ಕೀ ನಿನ್ನ ಹತ್ರ ಇದೆಯಾ?"

"ಸ್ವಿಚ್ಚಲ್ಲೇ ಇದೆ. ಲಾರಿ ಅಣ್ಣ ಸೀಟಲ್ಲಿ ಕೂತಿದಾನೆ, ನೀನು ಮಾತಾಡಿ ಬಾ ಅಂದ."

ಆಮೇಲೆ ಬಂದ ಮಾತನ್ನು ನಾನು ಯೋಚಿಸಿ ಹೇಳಲಿಲ್ಲ.

"ಇಂಜಿನ್ನಲ್ಲಿ ನೀರು ತುಂಬಿದೆ. ಇಜಿಆರಿಗೆ ತಗಡು ಹಾಕಿದೀನಿ, ನಾನೇ. ಕೆಳಗಡೆ ಹಾಕ್ಬೇಕಿತ್ತು, ಕೆಲಸ ಬೇಗ ಮುಗೀಲಿ ಅಂತ ಮೇಲ್ಗಡೆ ಹಾಕ್ದೆ. ಕೂಲರ್ ತೂತಾಗಿ ನೀರೆಲ್ಲ ಸಿಲಿಂಡರಿಗೆ ಇಳಿದಿದೆ. ಉರುಳಿಸಿ ಗೇರಿಗೆ ಹಾಕಿದ್ರೆ ರಾಡ್ ಬಾಗತ್ತೆ, ಅದು ಕೆಳಗೆ ತಿರುವಲ್ಲಿ ಮುರಿಯತ್ತೆ. ತಪ್ಪು ನಂದು. ಎಲ್ಲರಿಗೂ ಕೇಳೋ ಹಾಗೆ ಇದನ್ನೇ ಹೇಳು. ಕೀ ಕಿತ್ಕೋ, ಹೋಗು."

ಅವಳು ಆ ತುದಿಯಲ್ಲಿ ಉಸಿರು ಎಳೆದುಕೊಂಡಳು.

"ಹದಿನೈದು ದಿನದಿಂದ ಹೇಳ್ತಿದ್ನಲ್ಲಮ್ಮ."

ನಾನು ಬಾಯಿ ತೆರೆಯುವ ಮೊದಲೇ ಫೋನು ಕೈ ಬದಲಾಯಿತು. ಓಡುವ ಹೆಜ್ಜೆ.

"ಅಕ್ಕ, ನಾನು," ಗಡಿಯಾರನ ದನಿ. "ಓಡ್ತಿದಾಳೆ. ಇಲ್ಲಿಂದ ಬಸ್ಸಿನ ಹಿಂದಿನ ಅರ್ಧ ಕಾಣತ್ತೆ. ಇಬ್ರು ಇಳಿದು ಕಲ್ಲು ತೆಗೀತಿದಾರೆ."

"ಯಾವ ಕಲ್ಲು?"

"ಚಕ್ರಕ್ಕೆ ಕೊಟ್ಟಿದ್ದ ಕಲ್ಲು. ಅಯ್ಯೋ, ತೆಗೆದೇಬಿಟ್ರು. ರೀ, ರೀ ಸ್ವಾಮಿ, ತೆಗೀಬೇಡ್ರೀ," ಎಂದು ಕೂಗಿದ. ಅವನ ದನಿ ಫೋನಿನಿಂದ ದೂರ ಹೋಗಿ ಮತ್ತೆ ಬಂತು. "ಅಕ್ಕ, ಬಸ್ಸು ಅಲುಗಾಡ್ತು. ಅಕ್ಕ, ಉರುಳ್..."

ಕಡಿಯಿತು. ಅವನು ಒಂದು ಹೆಜ್ಜೆ ಆಚೆ ಇಟ್ಟಿದ್ದ.

ಮತ್ತೆ ಮಾಡಿದೆ. ಇಲ್ಲ. ಮತ್ತೆ. ಗ್ರೀಸಿನಿಂದ ಫೋನಿನ ಗಾಜು ಮಸುಕಾಗಿ ಬೆರಳು ಜಾರುತ್ತಿತ್ತು. ಮಾವ ತಮ್ಮ ಟವೆಲ್ಲಿನಿಂದ ಒರೆಸಿಕೊಟ್ಟರು. ಮ್ಯಾನೇಜರ್ ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಎಷ್ಟು ಸಲ ಸುತ್ತು ಬಂತೆಂದು ನಾನು ನೋಡುತ್ತಲೇ ಇದ್ದೆ. ಹನ್ನೊಂದು ಸಲ. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ತಿರುವುಗಳಲ್ಲ, ಜನರೂ ಅಲ್ಲ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದದ್ದು. ತಟ್ಟೆಯಲ್ಲಿ ಊಟ ಹಾಗೇ ಇತ್ತು. ನಾನು ಕರೆದಿರಲಿಲ್ಲ.

ಫೋನು ಅದುರಿತು.

"ಅಮ್ಮ."

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡೆ.

"ಇದೀಯಾ? ಕೇಳ್ತಿದೆಯಾ? ಕೀ ನನ್ನ ಜೇಬಲ್ಲಿದೆ. ಒಂದು ಮಾರು ಉರುಳಿತ್ತು ಅಷ್ಟೇ. ಲಾರಿ ಅಣ್ಣ ಕ್ಲಚ್ ಒತ್ಕೊಂಡೇ ಇದ್ದ, ಬಿಟ್ಟಿರ್ಲಿಲ್ಲ. ನಾನು ಮೆಟ್ಲಿಗೆ ಹತ್ತಿ ಹ್ಯಾಂಡ್ ಬ್ರೇಕ್ ಎಳೆದೆ. ಎಲ್ಲರೂ ಮುಂದಿನ ಸೀಟಿಗೆ ಮೂಗು ಹೊಡ್ಕೊಂಡ್ರು, ಈಗ ಕೆಳಗಿಳಿದು ಬೈತಿದಾರೆ."

"ಬೈಲಿ."

"ನಿನ್ನನ್ನೇ ಬೈತಿರೋದು. ನೀನು ಹೇಳಿದ ಹಾಗೇ ಹೇಳ್ದೆ."

"ಬೈಲಿ ಬಿಡು."

ಫೋನು ಇಟ್ಟ ಮೇಲೆ ಮ್ಯಾನೇಜರ್ ತಿರುಗಿದರು. ಮೂರನೇ ನಂಬರನ್ನು ಜನರಿಗಾಗಿ ಕಳಿಸುತ್ತೇನೆ, ನೀವು ವ್ಯಾನಿನಲ್ಲಿ ಹೋಗಿ ಎಂದರು. ಆಮೇಲೆ, ಅಂಗಿಯ ಗುಂಡಿಯ ಕಡೆ ನೋಡುತ್ತ, "ಸಂಜೆ ಬಂದು ಸ್ಟೋರಿನ ಕೀ ನನ್ನ ಮೇಜಿನ ಮೇಲಿಟ್ಟು ಹೋಗಿ. ವಿಚಾರಣೆ ಆಗೋವರೆಗೆ. ನನ್ನ ಕೈಲಿ ಏನೂ ಇಲ್ಲ," ಎಂದರು.

"ಇಡ್ತೀನಿ ಸಾರ್. ನಾಲ್ಕನೇದನ್ನ ಮಾತ್ರ ಯಾರೂ ಸ್ಟಾರ್ಟ್ ಮಾಡದ ಹಾಗೆ ನೋಡ್ಕೊಳ್ಳಿ."

ನಾನೂ ಮಾವನೂ ವ್ಯಾನಿನಲ್ಲಿ ಗುಡ್ಡ ಹತ್ತುವ ಹೊತ್ತಿಗೆ ಮೂರನೇ ನಂಬರು ಜನರನ್ನು ತುಂಬಿಕೊಂಡು ಹೋಗಿ ಆಗಿತ್ತು. ಜಲ್ಲಿ ರಾಶಿಯ ಪಕ್ಕ ಗಡಿಯಾರ ಕೂತಿದ್ದ, ಕೈಗಡಿಯಾರ ನೋಡುವುದನ್ನು ಬಿಟ್ಟು ಸುಮ್ಮನೆ. ಬಸ್ಸಿನ ನಾಲ್ಕು ಚಕ್ರಕ್ಕೂ ಎರಡೆರಡು ಕಲ್ಲು.

"ಲಾರಿ ಅಣ್ಣ ಹೋಗೋ ಮುಂಚೆ ಆ ಎಂಟೂ ಕಲ್ಲನ್ನ ಅವನೇ ಹೊತ್ತು ತಂದಿಟ್ಟ," ಎಂದ.

ಮಗಳು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ ಇಳಿಯಲಿಲ್ಲ. ಇಂಜಿನ್ನಿನ ಮುಚ್ಚಳ ಅವಳ ಸೀಟಿನ ಪಕ್ಕದಲ್ಲೇ. ಅದನ್ನು ಎತ್ತಿಟ್ಟು ನಾನು ಕೆಲಸ ಶುರು ಮಾಡಿದೆ. ಒಳಗಿನ ನೀರಿಗೆ ಹೊರಬರಲು ದಾರಿಯಾಗಲೆಂದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಒಂದೊಂದಾಗಿ ಎಳೆದು, ಸಾಲಾಗಿ ಬಟ್ಟೆಯ ಮೇಲೆ ಇಟ್ಟೆ. ಡೀಸೆಲ್ ವಾಸನೆಯ ನಡುವೆ ಆ ಸಿಹಿ ವಾಸನೆ ಮೊದಲ ರಂಧ್ರದಿಂದಲೇ ಬಂತು.

"ಹಿಂದೆ ಸರಿ. ಈಗ ಸೆಲ್ಫ್ ಹೊಡಿ. ಒಂದೇ ಸಲ."

ಅವಳು ಕೀ ತಿರುಗಿಸಿದಳು. ಮೊದಲ ರಂಧ್ರದಿಂದ ಹಸಿರು ನೀರು ಕಂಬದ ಹಾಗೆ ಎದ್ದು ಬಸ್ಸಿನ ಸೂರಿಗೆ ಬಡಿದು ನಮ್ಮಿಬ್ಬರ ತಲೆಯ ಮೇಲೂ ಸುರಿಯಿತು. ಮಾವ ಕಿಟಕಿಯ ಹೊರಗಿನಿಂದ, "ಅಭ್ಯಂಜನ ಆಯ್ತು," ಎಂದರು. ಯಾರೂ ನಗಲಿಲ್ಲ. ನೀರು ಎಷ್ಟಿತ್ತು ಎಂದು ಎಲ್ಲರೂ ಕಣ್ಣಾರೆ ನೋಡಿದ್ದರು.

ಇನ್ನು ರಾಡು. ಟಕ್ ಎಂದ ಆ ಒಂದು ಸಲಕ್ಕೇ ಬಾಗಿರಬಹುದು. ಬಾಗಿದರೆ ಗಿಡ್ಡವಾಗುತ್ತದೆ, ಪಿಸ್ಟನ್ ಅಷ್ಟರಮಟ್ಟಿಗೆ ಕೆಳಗೇ ನಿಲ್ಲುತ್ತದೆ. ವ್ಯಾನಿನಲ್ಲಿದ್ದ ಹಳೆಯ ಸೈಕಲ್ ಕಡ್ಡಿಯೊಂದನ್ನು ಒರೆಸಿ ಮಗಳ ಕೈಗೆ ಕೊಟ್ಟೆ. ನಾನು ಕೆಳಗೆ ಮಲಗಿ ಸಲಾಕೆ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಬೇಕು, ಅವಳು ಕಡ್ಡಿಯನ್ನು ರಂಧ್ರದಲ್ಲಿ ಇಟ್ಟು ಪಿಸ್ಟನ್ ಎಲ್ಲಿಯವರೆಗೆ ಏರುತ್ತದೆಂದು ಗುರುತು ಹಾಕಬೇಕು. ಮೊದಲು ಸರಿಯಿರುವ ಎರಡನೆಯ ಸಿಲಿಂಡರು.

"ಏರ್ತಿದೆ... ಏರ್ತಿದೆ... ನಿಲ್ಲು. ಈಗ ಇಳೀತಿದೆ. ಒಂಚೂರು ಹಿಂದಕ್ಕೆ. ಹಾಂ." ಉಗುರಿನಿಂದ ಅಲ್ಲ, ಬ್ಲೇಡಿನಿಂದ ಸಣ್ಣ ಗೀರು ಹಾಕಿದಳು.

ಆಮೇಲೆ ಮೊದಲನೆಯದು. ಬಸ್ಸಿನ ಕೆಳಗೆ ಮಲಗಿದ್ದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ಬೂಟು ಮಾತ್ರ ಕಾಣುತ್ತಿತ್ತು. ಸಲಾಕೆ ಎಳೆದೆ. ಅವಳು ಏರ್ತಿದೆ ಎನ್ನಲಿಲ್ಲ.

"ಏನಾಯ್ತು?"

"ತಡಿ."

ಬೂಟಿನ ತುದಿ ಮೇಲೆದ್ದಿತು, ಬಗ್ಗಿ ನೋಡುತ್ತಿದ್ದಾಳೆ.

"ಗೀರು ಕಾಣ್ತಿಲ್ಲ," ಎಂದಳು. ನನ್ನ ಕೈ ಸಲಾಕೆಯ ಮೇಲೆ ಹಾಗೇ ನಿಂತಿತು. "ಇರಮ್ಮ, ಕೂಲೆಂಟ್ ಮೆತ್ಕೊಂಡಿದೆ. ಒರೆಸ್ತೀನಿ." ಬಟ್ಟೆಯ ಸದ್ದು. "ಗೀರಿಗೆ ಸರಿಯಾಗಿ ಬಂದಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಇನ್ನೊಂದ್ಸಲ."

"ಸರಿಯಿದೆ."

"ಇನ್ನೊಂದ್ಸಲ ನೋಡು."

ಮೂರು ಸಲ ನೋಡಿದಳು. ಮೂರು ಸಲವೂ ಸರಿಯಿತ್ತು.

ನಾನು ಹೊರಗೆ ಬಂದು ಚಕ್ರಕ್ಕೆ ಒರಗಿ ಕೂತೆ. ಅವಳು ಇಳಿದು ಬಂದು ಪಕ್ಕದಲ್ಲಿ ಕೂರಲಿಲ್ಲ, ಎದುರಿಗೆ ನಿಂತಳು. ತಲೆಯಿಂದ ಕೆನ್ನೆಗೆ ಹಸಿರು ನೀರು ಒಣಗಿ ಗೆರೆ ಬಿದ್ದಿತ್ತು.

"ಮುಚ್ಚಳ ಸರಿಯಾಗೇ ತಿರುಗಿಸ್ತಿದ್ದೆ ಕಣಮ್ಮ," ಎಂದಳು.

"ಗೊತ್ತಾಯ್ತು."

"ಆಗ ಗೊತ್ತಿರ್ಲಿಲ್ಲ ನಿಂಗೆ."

"ಇಲ್ಲ. ಕೇಳಿಸ್ಕೊಳ್ಳಲಿಲ್ಲ ನಾನು. ತಪ್ಪಾಯ್ತು."

ಅವಳು ರಸ್ತೆಯ ಕಡೆ ನೋಡಿದಳು. ಇಳಿಜಾರಿನ ಮೊದಲ ತಿರುವು ಅಲ್ಲಿಂದ ಕಾಣುತ್ತದೆ. ಅದರಾಚೆ ಬರೀ ಆಕಾಶ. ಆಮೇಲೆ ಕೇಳಿದಳು, "ಆರು ಅಂದೆಯಲ್ಲ ದಾರೀಲಿ ಫೋನ್ ಮಾಡಿದಾಗ. ಇದೊಂದು, ನಾಲ್ಕನೇದೊಂದು. ಇನ್ನು ನಾಲ್ಕು?"

ಇನ್ನು ನಾಲ್ಕು ರಸ್ತೆಯ ಮೇಲಿದ್ದವು. ಏಳನೆಯದರ ಗಾಬರಿಯಲ್ಲಿ ಅವರಿಗೆ ಇನ್ನೂ ಫೋನ್ ಮಾಡಿರಲಿಲ್ಲ. ನನ್ನ ಕೈ ಮತ್ತೆ ಗ್ರೀಸಿನಲ್ಲಿ ಮುಳುಗಿತ್ತು. ಟೀ ಅಂಗಡಿಯ ಹಿಂದಿನ ಗೋಡೆಗೆ ಇಬ್ಬರೂ ಒರಗಿ ನಿಂತೆವು. ಅವಳು ನಂಬರು ಒತ್ತಿ ಸ್ಪೀಕರ್ ಹಾಕಿ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ಎರಡನೇ ನಂಬರಿನವನು ನಿಲ್ದಾಣದಲ್ಲಿ ಮಟ್ಟಸ ಜಾಗದಲ್ಲಿದ್ದ. ಅಲ್ಲೇ ಬಿಟ್ಟು ಇಳಿ, ಯಾರೂ ಸೆಲ್ಫ್ ಮುಟ್ಟಬಾರದು ಎಂದೆ. ಐದನೆಯವನೂ ಎಂಟನೆಯವನೂ ನೀರು ಕಡಿಮೆಯಾಗಿಲ್ಲ ಎಂದರು, ಆದರೂ ಡಿಪೋಗೆ ಬಂದ ಮೇಲೆ ಮತ್ತೆ ಸ್ಟಾರ್ಟ್ ಮಾಡಬೇಡಿ ಎಂದೆ. ಎಂಟನೆಯವನು, "ಏನಕ್ಕ, ಬಸ್ಸಿಗೆಲ್ಲ ಸಾಮೂಹಿಕ ರಜೆನಾ?" ಎಂದ. ನಾನು ತಗಡಿನ ವಿಷಯ ಹೇಳಿದೆ. ಅವನು ನಗುವುದನ್ನು ನಿಲ್ಲಿಸಿದ.

ಕೊನೆಯದು ಹತ್ತನೇ ನಂಬರು. ಅದರ ಡ್ರೈವರಿಗೆ ನನಗಿಂತ ಹತ್ತು ವರ್ಷ ಹೆಚ್ಚು ವಯಸ್ಸು, ಮಾತು ಕಡಿಮೆ.

"ಅಣ್ಣ, ನೀರು ಕಮ್ಮಿ ಆಗ್ತಿದೆಯಾ ನಿಮ್ಮ ಗಾಡಿಲಿ?"

ಅತ್ತ ಕಡೆ ಇಂಜಿನ್ ಓಡುವ ಸದ್ದು.

"ಅಣ್ಣ?"

"ಒಂದು ವಾರ ಆಯ್ತಮ್ಮ," ಎಂದರು. "ಹೇಳೋಣ ಅಂದ್ಕೊಂಡೆ. ನಿಮಗೂ ಕೆಲಸದ ಮೇಲೆ ಕೆಲಸ, ನಾನು ಹೇಳಿ ನೀವು ರೇಗೋದು ಯಾಕೆ ಅಂತ ನಾನೇ ತುಂಬಿಸ್ಕೊಂಡು ಓಡಿಸ್ತಿದ್ದೆ. ಈಗ ಊಟಕ್ಕೆ ನಿಲ್ಸಿದೀನಿ. ಆಫ್ ಮಾಡ್ತಿದ್ದೆ, ಅಷ್ಟರಲ್ಲಿ ನಿಮ್ಮ ಫೋನು."

ಮಗಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಆಫ್ ಮಾಡ್ಬೇಡಿ ದೊಡ್ಡಪ್ಪ, ಓಡ್ತಾನೇ ಇರ್ಲಿ. ನಿಂತಿರೋ ಜಾಗ ಮಟ್ಟಸವಾಗಿದೆಯಾ, ಇಳಿಜಾರಾ? ನೀರು ದಿನಕ್ಕೆ ಎಷ್ಟು ಹಾಕ್ತಿದ್ರಿ? ಎಲ್ಲಾ ಬಿಡಿಸಿ ಹೇಳಿ. ಅಮ್ಮ ಪಕ್ಕದಲ್ಲೇ ಇದಾರೆ, ಕೇಳಿಸ್ಕೊಳ್ತಿದಾರೆ. ಇವತ್ತು ರೇಗಲ್ಲ."